ಹಲ್ಲಿನ ಕ್ಲಿನಿಕ್‌ಗೆ ಕಂಪ್ಯೂಟರ್ ವ್ಯವಸ್ಥೆ: ಯಾವುದು ಮೊದಲು, ಯಾವುದು ಆಮೇಲೆ

"ಹೊಸದಾಗಿ ಕ್ಲಿನಿಕ್ ಹಾಕ್ತಾ ಇದ್ದೀನಿ. ಯಾವ ಸಾಫ್ಟ್‌ವೇರ್ ತಗೊಳ್ಳಲಿ?" ದಂತವೈದ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳಬೇಕಾದ ಪ್ರಶ್ನೆಯೇ, ಆದರೆ ಅದರ ಸರದಿ ಬರುವುದು ಸ್ವಲ್ಪ ತಡವಾಗಿ. ಸಾಮಾನ್ಯವಾಗಿ ಆಗುವುದು ಹೀಗೆ: ಮೊದಲು ಕಂಪ್ಯೂಟರ್ ಬರುತ್ತದೆ, ಆಮೇಲೆ ಯಾರೋ ಸ್ನೇಹಿತರು ಹೇಳಿದ ಸಾಫ್ಟ್‌ವೇರ್ ಬರುತ್ತದೆ, ಕೊನೆಗೆ ಎಕ್ಸ್‌ರೇ ಸೆನ್ಸರ್ ಬರುತ್ತದೆ. ಆಗ ನೋಡಿದರೆ ಸೆನ್ಸರ್ ಆ ಕಂಪ್ಯೂಟರ್‌ನಲ್ಲಿ ಓಡುವುದಿಲ್ಲ, ಕೇಬಲ್ ಚೇರ್‌ವರೆಗೆ ಮುಟ್ಟುವುದಿಲ್ಲ, ಹೊಸ ಟೈಲ್ಸ್ ಒಡೆಯಬೇಕು.

ಈ ಸಾಲನ್ನು ತಿರುವಿ ಹಾಕಿದರೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲ. ಮೊದಲು ಕೆಲಸದ ಹಾದಿ, ಆಮೇಲೆ ಎಕ್ಸ್‌ರೇ, ಆಮೇಲೆ ವೈರಿಂಗ್ ಮತ್ತು ಕರೆಂಟ್, ಆಮೇಲೆ ಸಾಫ್ಟ್‌ವೇರ್, ಕೊನೆಗೆ ಕಂಪ್ಯೂಟರ್. ಒಂದೆರಡು ಚೇರ್ ಇರುವ, ಒಬ್ಬ ರಿಸೆಪ್ಷನಿಸ್ಟ್, ಒಬ್ಬಿಬ್ಬರು ಅಸಿಸ್ಟೆಂಟ್, ವಾರಕ್ಕೊಮ್ಮೆ ಬಂದುಹೋಗುವ ಕನ್ಸಲ್ಟೆಂಟ್‌ಗಳು ಇರುವ ಕ್ಲಿನಿಕ್ಕನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಕರ್ನಾಟಕದ ತಾಲ್ಲೂಕು ಊರುಗಳಿಂದ ಬೆಂಗಳೂರಿನ ಬಡಾವಣೆಗಳವರೆಗೆ ಹೆಚ್ಚಿನ ಕ್ಲಿನಿಕ್‌ಗಳು ಇದೇ ಅಳತೆಯವು. ನಿಮಗೆ ಗೊತ್ತಿರುವ ಕೆಲವು ಪದಗಳನ್ನೂ ಇಲ್ಲಿ ಬಿಡಿಸಿ ಹೇಳಿದ್ದೇನೆ, ಏಕೆಂದರೆ ಇದನ್ನು ನಿಮ್ಮ ಎಲೆಕ್ಟ್ರಿಷಿಯನ್‌ಗೂ ಕಂಪ್ಯೂಟರ್ ಅಂಗಡಿಯವರಿಗೂ ತೋರಿಸಬೇಕಾಗುತ್ತದೆ.

1. ಕ್ಲಿನಿಕ್‌ನ ಒಂದು ದಿನವನ್ನು ಹಾಳೆಯ ಮೇಲೆ ಬರೆಯಿರಿ

ಒಬ್ಬ ಪೇಷೆಂಟ್ ಫೋನ್ ಮಾಡಿದ ಕ್ಷಣದಿಂದ ಕ್ಯಾಪ್ ಹಾಕಿಸಿಕೊಂಡು ಕೊನೆಯ ಕಂತು ಕಟ್ಟುವವರೆಗೆ ಏನೇನು ನಡೆಯುತ್ತದೆ ಎಂದು ಸಾಲಾಗಿ ಬರೆಯಿರಿ. ಅಪಾಯಿಂಟ್‌ಮೆಂಟ್, ಹೆಸರು ನೋಂದಣಿ, ಕೇಸ್ ಶೀಟ್, ಎಕ್ಸ್‌ರೇ, ಚಿಕಿತ್ಸೆಯ ಯೋಜನೆ, ಖರ್ಚಿನ ಅಂದಾಜು, ಒಪ್ಪಿಗೆ ಪತ್ರ, ಚಿಕಿತ್ಸೆ, ಲ್ಯಾಬ್‌ಗೆ ಅಳತೆ ಕಳಿಸುವುದು, ಬಿಲ್ಲು, ಮುಂದಿನ ಭೇಟಿ. ಪ್ರತಿ ಹೆಜ್ಜೆಯ ಮುಂದೆ ಮೂರು ವಿಷಯ ಬರೆಯಿರಿ: ಯಾರು ಬರೆಯುತ್ತಾರೆ, ಎಲ್ಲಿ ನಿಂತು ಬರೆಯುತ್ತಾರೆ, ಆಮೇಲೆ ಯಾರು ನೋಡಬೇಕು.

ಸುಮ್ನೆ ಔಪಚಾರಿಕತೆಗೆ ಹೇಳುತ್ತಿಲ್ಲ. ಈ ಒಂದು ಹಾಳೆಯಿಂದ ಎಷ್ಟು ಸ್ಕ್ರೀನ್ ಬೇಕು, ಎಲ್ಲಿ ಬೇಕು, ಪ್ರಿಂಟರ್ ಎಲ್ಲಿರಬೇಕು ಎಂಬುದೆಲ್ಲ ತಾನಾಗಿ ಹೊರಬರುತ್ತದೆ. ಖರ್ಚಿನ ಅಂದಾಜನ್ನು ಚೇರ್ ಪಕ್ಕದಲ್ಲೇ ಹೇಳುತ್ತೀರಾ, ರಿಸೆಪ್ಷನ್‌ನಲ್ಲಿ ಹೇಳಿಸುತ್ತೀರಾ? ಗ್ಲೌಸ್ ಹಾಕಿಕೊಂಡಿರುವಾಗ ಹಲ್ಲಿನ ಚಾರ್ಟ್ ಯಾರು ತುಂಬುತ್ತಾರೆ? ಅಸಿಸ್ಟೆಂಟ್ ತುಂಬುವುದಾದರೆ ಅವರ ಕೈಗೆ ಸಿಗುವಲ್ಲಿ ಕೀಬೋರ್ಡ್ ಇರಬೇಕಲ್ವಾ?

ಎರಡು ವಿಷಯ ಈ ಹಾಳೆಯಲ್ಲಿ ಬಿಟ್ಟುಹೋಗುವುದು ಜಾಸ್ತಿ. ಒಂದು, ಕನ್ಸಲ್ಟೆಂಟ್‌ಗಳ ಪಾಲು. ಕ್ಲಿಪ್ ಹಾಕುವ ಆರ್ಥೊಡಾಂಟಿಸ್ಟ್, ಕಷ್ಟದ ರೂಟ್ ಕೆನಾಲ್ ಮಾಡುವವರು, ಸರ್ಜನ್, ಪ್ರತಿಯೊಬ್ಬರ ಲೆಕ್ಕವೂ ಬೇರೆ. ಇನ್ನೊಂದು, ಲ್ಯಾಬ್ ಕೆಲಸ. ಯಾವ ಕ್ಯಾಪ್ ಯಾವ ಲ್ಯಾಬ್‌ಗೆ ಯಾವತ್ತು ಹೋಯಿತು, ಯಾವ ಶೇಡ್ (ಹಲ್ಲಿನ ಬಣ್ಣ), ಯಾವಾಗ ವಾಪಸ್ ಬರಬೇಕು. ಪೇಷೆಂಟ್ ಬಂದು ಚೇರ್ ಮೇಲೆ ಕೂತ ಮೇಲೆ ಕ್ಯಾಪ್ ಇನ್ನೂ ಬಂದಿಲ್ಲ ಎಂದು ಗೊತ್ತಾದರೆ ಅವರ ಒಂದು ದಿನದ ಕೂಲಿಯೂ ಹೋಯಿತು, ನಿಮ್ಮ ಒಂದು ಗಂಟೆಯೂ ಹೋಯಿತು.

2. ಎಕ್ಸ್‌ರೇ ಯಾವುದು ಎಂದು ತೀರ್ಮಾನಿಸಿ

ಇಡೀ ವ್ಯವಸ್ಥೆಯಲ್ಲಿ ಅತಿ ಹಟಮಾರಿ ಸಾಮಾನು ಎಂದರೆ ಆರ್‌ವಿಜಿ ಸೆನ್ಸರ್. ಆರ್‌ವಿಜಿ ಎಂದರೆ ಫಿಲ್ಮ್ ಬದಲು ಬಾಯೊಳಗೆ ಪುಟ್ಟ ಡಿಜಿಟಲ್ ಸೆನ್ಸರ್ ಇಟ್ಟು ಒಂದೆರಡು ಹಲ್ಲಿನ ಚಿತ್ರ ತೆಗೆಯುವ ವಿಧಾನ. ಅದರ ಬಾಲ ಯುಎಸ್‌ಬಿ ಕೇಬಲ್ಲಾಗಿ ಕಂಪ್ಯೂಟರ್‌ಗೆ ಸೇರುತ್ತದೆ. ಕಂಪ್ಯೂಟರ್ ಎಂಥದ್ದು, ಎಲ್ಲಿರಬೇಕು ಎಂಬುದನ್ನು ಈ ಬಾಲವೇ ನಿರ್ಧರಿಸುತ್ತದೆ.

ಸೆನ್ಸರ್ ಮಾರುವವರನ್ನು ಕೊಳ್ಳುವ ಮೊದಲೇ ಕೇಳಿ:

ಇದರ ಸಾಫ್ಟ್‌ವೇರ್ ವಿಂಡೋಸ್ 11ರಲ್ಲಿ ಓಡುತ್ತದೆಯೇ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. "ನಮ್ಮ ಸೆನ್ಸರ್‌ಗೆ ಹಳೆಯ ವಿಂಡೋಸೇ ಬೇಕು" ಎನ್ನುವವರಿಂದ ದೂರ ಇರಿ. ಬಹಳಷ್ಟು ಸೆನ್ಸರ್‌ಗಳು ವಿಂಡೋಸ್ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಮ್ಯಾಕ್ ಅಥವಾ ಟ್ಯಾಬ್ಲೆಟ್ ಮೇಲೆ ಆಸೆ ಇದ್ದರೆ ಈಗಲೇ ವಿಚಾರಿಸಿಕೊಳ್ಳಿ.

ಚಿತ್ರಗಳನ್ನು ಡೈಕಾಮ್ ರೂಪದಲ್ಲಿ ಹೊರತೆಗೆಯಬಹುದೇ? ಡೈಕಾಮ್ ಎನ್ನುವುದು ವೈದ್ಯಕೀಯ ಚಿತ್ರಗಳಿಗೆ ಲೋಕವೆಲ್ಲ ಒಪ್ಪಿಕೊಂಡಿರುವ ಕಡತದ ರೂಪ. ಚಿತ್ರದ ಜೊತೆಗೇ ಪೇಷೆಂಟ್ ಹೆಸರು, ದಿನಾಂಕ, ಯಂತ್ರದ ವಿವರ ಸೇರಿರುತ್ತದೆ. ನಾಳೆ ಬೇರೆ ಕಂಪನಿಯ ಸೆನ್ಸರ್ ಕೊಂಡರೂ ಹಳೆಯ ಚಿತ್ರಗಳು ತೆರೆಯಬೇಕಾದರೆ ಇದು ಬೇಕು.

ಕ್ಯಾಲಿಬ್ರೇಷನ್ ಕಡತ ಎಲ್ಲಿದೆ? ಹಲವು ಸೆನ್ಸರ್‌ಗಳಿಗೆ ಅವುಗಳದ್ದೇ ಸೀರಿಯಲ್ ನಂಬರಿನ ಹೊಂದಾಣಿಕೆ ಕಡತ ಇರುತ್ತದೆ. ಡಬ್ಬದಲ್ಲಿ ಬರುವ ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಅದು ಇರುತ್ತದೆ. ಕಂಪ್ಯೂಟರ್ ಕೆಟ್ಟು ಹೊಸದು ಬಂದಾಗ ಆ ಕಡತ ಇಲ್ಲದೆ ಸೆನ್ಸರ್ ಕೆಲಸ ಮಾಡದು. ಡಬ್ಬ ಒಡೆದ ದಿನವೇ ಅದರ ನಕಲು ಮಾಡಿ ಎರಡು ಕಡೆ ಇಡಿ. ಈ ಒಂದು ಮಾತನ್ನು ಕೇಳಿದರೂ ಈ ಲೇಖನ ಓದಿದ್ದು ಸಾರ್ಥಕ.

ಬೇರೆ ಸಾಫ್ಟ್‌ವೇರ್‌ಗೆ ಚಿತ್ರ ನೇರವಾಗಿ ಹೋಗುತ್ತದೆಯೇ? ಸೆನ್ಸರ್‌ನ ಸಾಫ್ಟ್‌ವೇರ್ ಬೇರೆ, ಕ್ಲಿನಿಕ್ ನಡೆಸುವ ಸಾಫ್ಟ್‌ವೇರ್ ಬೇರೆ. ಎರಡರ ನಡುವೆ ಟ್ವೇನ್ ಎಂಬ ಕೊಂಡಿಯೋ ಬೇರೆ ಯಾವುದೋ ಸೇತುವೆಯೋ ಇರಬೇಕು. ಇಲ್ಲದಿದ್ದರೆ ಪ್ರತಿ ಪೇಷೆಂಟ್ ಹೆಸರನ್ನೂ ಎರಡು ಸಲ ಟೈಪ್ ಮಾಡಬೇಕು. ಒಂದು ಕಡೆ ತಪ್ಪಾದರೆ ಒಬ್ಬರ ಎಕ್ಸ್‌ರೇ ಇನ್ನೊಬ್ಬರ ಹೆಸರಿನಲ್ಲಿ ಕೂರುತ್ತದೆ.

ಯುಎಸ್‌ಬಿ 2.0 ಕೇಬಲ್‌ನ ಮಿತಿ 5 ಮೀಟರ್. ಅದಕ್ಕಿಂತ ಉದ್ದಕ್ಕೆ ಎಳೆದರೆ ಸೆನ್ಸರ್ ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ. ಅಂದರೆ ಕಂಪ್ಯೂಟರ್ ಚೇರ್ ಪಕ್ಕದಲ್ಲೇ ಇರಬೇಕು, ರಿಸೆಪ್ಷನ್‌ನಿಂದ ಕೇಬಲ್ ಎಳೆಯುವ ಯೋಚನೆ ಬಿಡಿ. ತನ್ನದೇ ಕರೆಂಟ್ ಅಡಾಪ್ಟರ್ ಇಲ್ಲದ, ಒಂದು ಪೋರ್ಟನ್ನು ಹಲವಾಗಿಸುವ ಅಗ್ಗದ ಯುಎಸ್‌ಬಿ ಹಬ್ ಹಾಕಬೇಡಿ. ಚೆನ್ನಾಗಿರುವ ಸೆನ್ಸರ್ ಮಧ್ಯೆ ಮಧ್ಯೆ ಮಾಯವಾಗುತ್ತಿದ್ದರೆ ವಿಂಡೋಸ್‌ನ ಪವರ್ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನು ನಿಲ್ಲಿಸಿ ನೋಡಿ. ಕರೆಂಟ್ ಉಳಿಸಲು ವಿಂಡೋಸ್ ತಾನೇ ಆ ಪೋರ್ಟನ್ನು ಮಲಗಿಸುತ್ತಿರುತ್ತದೆ. ರಿಪೇರಿಯವರನ್ನು ಕರೆಸುವ ಮೊದಲು ಇದನ್ನು ನೋಡಲು ಎರಡು ನಿಮಿಷ ಸಾಕು.

ಇಡೀ ದವಡೆಯ ಚಿತ್ರ ಕೊಡುವ ಒಪಿಜಿ, ಮೂರು ಆಯಾಮದ ಚಿತ್ರ ಕೊಡುವ ಸಿಬಿಸಿಟಿ, ಇವುಗಳನ್ನು ಶುರುವಿನಲ್ಲೇ ಕೊಳ್ಳುವವರು ಕಡಿಮೆ. ಹತ್ತಿರದ ಸೆಂಟರ್‌ಗೆ ಕಳಿಸುತ್ತೀರಿ, ಸರಿ. ಆದರೆ ಅಲ್ಲಿಂದ ಬರುವ ಸಿಬಿಸಿಟಿ ನೂರಾರು ಎಂಬಿ ತೂಗುತ್ತದೆ. ಅದನ್ನು ತೆರೆಯುವಷ್ಟು ಶಕ್ತಿ ನಿಮ್ಮ ಒಂದು ಕಂಪ್ಯೂಟರ್‌ಗಾದರೂ ಇರಬೇಕು. ಪೆನ್‌ಡ್ರೈವ್‌ನಲ್ಲಿ ಬಂದರೆ ವೈರಸ್ ಪರೀಕ್ಷೆ ಮಾಡದೆ ತೆರೆಯಬೇಡಿ. ಆ ಪೆನ್‌ಡ್ರೈವ್ ದಿನಕ್ಕೆ ಎಷ್ಟು ಕಂಪ್ಯೂಟರ್ ಸುತ್ತಿ ಬರುತ್ತದೋ ಯಾರಿಗೆ ಗೊತ್ತು.

ಒಂದು ಮುಖ್ಯ ಮಾತು. ಸೆನ್ಸರ್ ಬರೀ ಚಿತ್ರ ಹಿಡಿಯುತ್ತದೆ, ವಿಕಿರಣ ಬರುವುದು ಎಕ್ಸ್‌ರೇ ಯಂತ್ರದಿಂದ. ಹಲ್ಲಿನ ಎಕ್ಸ್‌ರೇ ಯಂತ್ರಕ್ಕೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ, ಅಂದರೆ ಎಇಆರ್‌ಬಿಯ, ಇ-ಲೋರಾ ತಾಣದಲ್ಲಿ ನೋಂದಣಿ ಬೇಕು. ಎಇಆರ್‌ಬಿ ಒಪ್ಪಿಗೆ ಇರುವ ಮಾದರಿಯನ್ನೇ ಕೊಳ್ಳಿ. ಆ ತಾಣದ ಲಾಗಿನ್ ನಿಮ್ಮ ಇಮೇಲ್‌ನಲ್ಲಿ ಇರಲಿ, ಮಾರಾಟಗಾರರ ಇಮೇಲ್‌ನಲ್ಲಿ ಬೇಡ.

3. ಟೈಲ್ಸ್ ಹಾಕುವ ಮೊದಲು ಪೈಪ್ ಹಾಕಿಸಿ

ಡೆಂಟಲ್ ಚೇರ್ ಕೆಳಗೆ ನೀರು, ಗಾಳಿ, ಡ್ರೈನ್, ಸಕ್ಷನ್, ಕರೆಂಟ್ ಇಷ್ಟೂ ನೆಲದೊಳಗಿನಿಂದ ಬರುತ್ತವೆ. ಚೇರ್ ಕಂಪನಿಯವರು ಇದಕ್ಕೆ ಒಂದು ನಕ್ಷೆ ಕೊಡುತ್ತಾರೆ. ಆ ನಕ್ಷೆಯಲ್ಲಿ ಕಂಪ್ಯೂಟರ್ ಕೇಬಲ್‌ಗೆ ಜಾಗ ಇರುವುದು ಅಪರೂಪ. ನೀವೇ ಹೇಳಿ ಒಂದು ಪ್ರತ್ಯೇಕ ಪಿವಿಸಿ ಪೈಪ್ ಹಾಕಿಸಿ. ಪ್ಲಂಬರ್, ಎಲೆಕ್ಟ್ರಿಷಿಯನ್, ಕಂಪ್ಯೂಟರ್‌ನವರು ಮೂವರನ್ನೂ ಒಂದೇ ದಿನ ಖಾಲಿ ಕೋಣೆಯಲ್ಲಿ ನಿಲ್ಲಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿಸುವುದು ಉತ್ತಮ.

ಚೇರ್‌ನಿಂದ ಕಂಪ್ಯೂಟರ್ ಇರುವ ಗೋಡೆಗೆ ಒಂದು ಪೈಪ್. ಚೇರ್‌ಗೆ ಜೋಡಿಸುವ ಮಾನಿಟರ್ ಇದ್ದರೆ ಅದರ ಎಚ್‌ಡಿಎಂಐ ಕೇಬಲ್‌ನ ತಲೆ ದಪ್ಪ, ಅದು ಹಾಯುವಷ್ಟು ಅಗಲದ ಪೈಪ್ ಆಗಬೇಕು. ಪ್ರತಿ ಚೇರ್ ಬಳಿ ಎರಡು ನೆಟ್‌ವರ್ಕ್ ಪಾಯಿಂಟ್, ರಿಸೆಪ್ಷನ್‌ನಲ್ಲಿ ಮೂರು, ನಿಮ್ಮ ಕೋಣೆಯಲ್ಲಿ ಒಂದು. ಕೇಬಲ್ ಕ್ಯಾಟ್ 6 ಇರಲಿ. ಇದು 100 ಮೀಟರ್‌ವರೆಗೆ ಚೆನ್ನಾಗಿ ನಡೆಯುತ್ತದೆ, ಕ್ಲಿನಿಕ್ ಒಳಗೆ ಅಷ್ಟು ದೂರದ ಮಾತೇ ಬರುವುದಿಲ್ಲ. ಎಲ್ಲ ಕೇಬಲ್‌ಗಳೂ ಬಂದು ಸೇರುವ ಒಂದು ಪುಟ್ಟ ಗೋಡೆ ಪೆಟ್ಟಿಗೆಯನ್ನು ಗಾಳಿಯಾಡುವ ಕಡೆ ಇಡಿ. ಸಿಂಕ್ ಕೆಳಗಾಗಲಿ, ಉಪಕರಣಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್ ಇರುವ ಕೋಣೆಯಲ್ಲಾಗಲಿ ಬೇಡವೇ ಬೇಡ. ಹಬೆ ಮತ್ತು ನೀರು ಎಲೆಕ್ಟ್ರಾನಿಕ್ಸ್‌ಗೆ ಆಗುವುದಿಲ್ಲ.

ಕರೆಂಟಿನ ವೈರ್ ಇರುವ ಪೈಪ್‌ನಲ್ಲೇ ನೆಟ್‌ವರ್ಕ್ ಕೇಬಲ್ ತುರುಕಲು ಎಲೆಕ್ಟ್ರಿಷಿಯನ್ ನೋಡುತ್ತಾರೆ. ಒಪ್ಪಬೇಡಿ. ಅಪಾಯವೂ ಹೌದು, ಸಿಗ್ನಲ್‌ಗೂ ಕೆಡುಕು. "ವೈಫೈ ಇದೆಯಲ್ಲ, ಕೇಬಲ್ ಯಾಕೆ ಸರ್?" ಎನ್ನುವವರೂ ಸಿಗುತ್ತಾರೆ. ಎಕ್ಸ್‌ರೇ ಕೋಣೆಯ ದಪ್ಪ ಗೋಡೆ, ಸೀಸದ ಹಾಳೆ ಹಾಕಿದ ಬಾಗಿಲು ವೈಫೈಯನ್ನು ತಡೆಯುತ್ತವೆ. ಫೋನ್‌ಗಳಿಗೆ ವೈಫೈ ಸಾಕು, ಚೇರ್ ಪಕ್ಕದ ಕಂಪ್ಯೂಟರ್‌ಗೆ ತಂತಿಯೇ ಸರಿ.

ಮುಂದೆ ಎರಡನೇ ಚೇರ್ ಹಾಕುವ ಆಲೋಚನೆ ಇದ್ದರೆ ಅದರ ಕಂಪ್ಯೂಟರ್ ಈಗ ಕೊಳ್ಳಬೇಡಿ, ಆದರೆ ಪೈಪ್ ಮಾತ್ರ ಈಗಲೇ ಹಾಕಿಸಿ. ಕೊನೆಗೆ, ಸಿಮೆಂಟ್ ಮುಚ್ಚುವ ಮೊದಲು ಪ್ರತಿ ಗೋಡೆ, ಪ್ರತಿ ನೆಲದ ಫೋಟೋ ತೆಗೆದಿಡಿ. ಎರಡು ವರ್ಷದ ಮೇಲೆ ಗೋಡೆಗೆ ಡ್ರಿಲ್ ಹಾಕುವವರಿಗೆ ಅದೇ ದಾರಿ ತೋರಿಸುತ್ತದೆ.

4. ಕರೆಂಟ್

ಬೆಸ್ಕಾಂ ಇರಲಿ, ಹೆಸ್ಕಾಂ ಇರಲಿ, ಕರೆಂಟ್ ಹೋಗಿ ಬರುವುದು ನಮಗೆಲ್ಲ ಗೊತ್ತಿರುವ ವಿಷಯ. ಇಲ್ಲಿ ಎಡವುವುದು ಇನ್ವರ್ಟರ್ ಮತ್ತು ಯುಪಿಎಸ್ ಒಂದೇ ಎಂದುಕೊಳ್ಳುವುದರಲ್ಲಿ. ಮನೆಯ ಇನ್ವರ್ಟರ್ ಬ್ಯಾಟರಿಗೆ ಹೊರಳಲು ಒಂದು ಕ್ಷಣ ತೆಗೆದುಕೊಳ್ಳುತ್ತದೆ. ಫ್ಯಾನ್‌ಗೆ ಅದು ಗೊತ್ತಾಗುವುದಿಲ್ಲ, ಕಂಪ್ಯೂಟರ್ ಮಾತ್ರ ಅಷ್ಟರಲ್ಲಿ ಆರಿಹೋಗಬಹುದು. ಆ ಹೊತ್ತಿಗೆ ದಾಖಲೆ ಬರೆಯುತ್ತಿದ್ದರೆ ಕಡತ ಹಾಳಾಗುತ್ತದೆ. ಆದ್ದರಿಂದ ಇನ್ವರ್ಟರ್ ಇದ್ದರೂ ಪ್ರತಿ ಕಂಪ್ಯೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಇರಲಿ. ಸಾಮಾನ್ಯ ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ 150ರಿಂದ 200 ವ್ಯಾಟ್ ಎಳೆಯುತ್ತವೆ. 600 ವಿಎ ಯುಪಿಎಸ್ ಇಷ್ಟನ್ನು ಹತ್ತು ನಿಮಿಷದ ಆಸುಪಾಸು ಹೊರುತ್ತದೆ. ಕೆಲಸ ಉಳಿಸಿ ಸರಿಯಾಗಿ ಮುಚ್ಚಲು ಅದು ಸಾಕು.

ಇಂಟರ್ನೆಟ್ ಪೆಟ್ಟಿಗೆ ಮತ್ತು ರೌಟರ್‌ಗೂ ಯುಪಿಎಸ್ ಬೇಕು. ಕಂಪ್ಯೂಟರ್ ಓಡುತ್ತಿದ್ದು ರೌಟರ್ ಆರಿದರೆ ಕ್ಲೌಡ್ ಸಾಫ್ಟ್‌ವೇರ್ ಇದ್ದೂ ಇಲ್ಲದಂತೆ.

ಎಕ್ಸ್‌ರೇ ಯಂತ್ರ, ಕಂಪ್ರೆಸರ್, ಆಟೋಕ್ಲೇವ್ ಇವುಗಳನ್ನು ಕಂಪ್ಯೂಟರ್‌ನ ಯುಪಿಎಸ್‌ಗೆ ಎಂದೂ ಸೇರಿಸಬೇಡಿ. ಕಂಪ್ರೆಸರ್ ಮೋಟಾರ್ ಶುರುವಾಗುವಾಗ ಒಮ್ಮೆಗೇ ಬಹಳ ಕರೆಂಟ್ ಎಳೆಯುತ್ತದೆ. ಅವಕ್ಕೆ ಬೇರೆ ಲೈನ್, ಬೇರೆ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಆರುವ ಸ್ವಿಚ್) ಇರಲಿ. ಬಾಡಿಗೆ ಕಟ್ಟಡವಾದರೆ ಅರ್ಥಿಂಗ್ ಸರಿಯಿದೆಯೇ ಎಂದು ಮೀಟರ್ ಹಿಡಿದು ಪರೀಕ್ಷಿಸಲು ಹೇಳಿ. ಪೇಷೆಂಟ್ ಬಾಯೊಳಗೆ ಇರುವ ಸೆನ್ಸರ್ ಕಂಪ್ಯೂಟರ್‌ಗೆ ಅಂಟಿಕೊಂಡಿದೆ ಎಂಬುದನ್ನು ನೆನಪಿಡಿ. ಇದರಲ್ಲಿ ಹಣ ಉಳಿಸುವ ಮಾತೇ ಇಲ್ಲ.

5. ಈಗ ಸಾಫ್ಟ್‌ವೇರ್

ಎರಡು ಬಗೆ ಇವೆ. ಒಂದು ನಿಮ್ಮ ಕ್ಲಿನಿಕ್‌ನ ಕಂಪ್ಯೂಟರ್‌ನಲ್ಲೇ ಎಲ್ಲವನ್ನೂ ಇಟ್ಟುಕೊಳ್ಳುವುದು. ಇನ್ನೊಂದು ಕ್ಲೌಡ್, ಅಂದರೆ ಮಾಹಿತಿ ಕಂಪನಿಯವರ ಸರ್ವರ್‌ನಲ್ಲಿರುತ್ತದೆ, ನೀವು ಇಂಟರ್ನೆಟ್ ಮೂಲಕ ನೋಡುತ್ತೀರಿ. ಮೊದಲನೆಯದರಲ್ಲಿ ಇಂಟರ್ನೆಟ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ, ಆದರೆ ಬ್ಯಾಕಪ್ ಹೊಣೆ ಪೂರ್ತಿ ನಿಮ್ಮದು. ಎರಡನೆಯದರಲ್ಲಿ ಮನೆಯಿಂದಲೂ ನೋಡಬಹುದು, ಎರಡು ಶಾಖೆ ಇದ್ದರೆ ಅನುಕೂಲ, ಆದರೆ ವರ್ಷ ವರ್ಷ ಬಾಡಿಗೆ ಕಟ್ಟಬೇಕು. ನನ್ನ ಅಭಿಪ್ರಾಯ ಕೇಳಿದರೆ, ಕಂಪ್ಯೂಟರ್ ನೋಡಿಕೊಳ್ಳುವ ನಂಬಿಕೆಯ ಜನ ಹತ್ತಿರ ಇಲ್ಲದ ಸಣ್ಣ ಕ್ಲಿನಿಕ್‌ಗೆ ಕ್ಲೌಡ್ ವಾಸಿ. ಎಕ್ಸ್‌ರೇ ಚಿತ್ರಗಳ ಮೂಲ ಪ್ರತಿ ಮಾತ್ರ ಕ್ಲಿನಿಕ್‌ನಲ್ಲೂ ಇರಲಿ.

ಡೆಮೊ ನೋಡುವಾಗ ಮಾರಾಟಗಾರರು ಅಂದವಾದ ಗ್ರಾಫ್‌ಗಳನ್ನು ತೋರಿಸುತ್ತಾರೆ. ಅದನ್ನು ಆಮೇಲೆ ನೋಡಬಹುದು. ಮೊದಲ ಹಂತದಲ್ಲಿ ಬರೆದ ಹಾಳೆಯನ್ನು ಮುಂದಿಟ್ಟು, "ಈ ಪೇಷೆಂಟ್‌ನ ಕಥೆಯನ್ನು ಪೂರ್ತಿ ಮಾಡಿ ತೋರಿಸಿ" ಎನ್ನಿ. ಈ ಕೆಳಗಿನವನ್ನು ನಿಮ್ಮ ಕೈಯಾರೆ ಪರೀಕ್ಷಿಸಿ.

ಹಲ್ಲಿನ ನಂಬರ್. ನಮ್ಮಲ್ಲಿ ಬಳಕೆಯಲ್ಲಿರುವುದು ಜಾಗತಿಕ ದಂತವೈದ್ಯರ ಒಕ್ಕೂಟದ ಎರಡಂಕಿಯ ಎಫ್‌ಡಿಐ ಪದ್ಧತಿ. ಅಮೆರಿಕದ ಸಾಫ್ಟ್‌ವೇರ್‌ಗಳಲ್ಲಿ 1ರಿಂದ 32ರವರೆಗೆ ಎಣಿಸುವ ಬೇರೆ ಪದ್ಧತಿ ಇರುತ್ತದೆ. ಎಫ್‌ಡಿಐನಲ್ಲಿ 18 ಎಂದರೆ ಮೇಲಿನ ಬಲಗಡೆಯ ಬುದ್ಧಿಹಲ್ಲು. ಅಮೆರಿಕದ ಎಣಿಕೆಯಲ್ಲಿ 18 ಎಂದರೆ ಕೆಳಗಿನ ಎಡಗಡೆಯ ಎರಡನೇ ದವಡೆ ಹಲ್ಲು. ಕೀಳಬೇಕಾದ ಹಲ್ಲಿನ ವಿಷಯದಲ್ಲಿ ಈ ಗೊಂದಲ ಎಷ್ಟು ಅಪಾಯ ಎಂದು ನಿಮಗೆ ಬೇರೆ ಹೇಳಬೇಕಿಲ್ಲ. ಎಫ್‌ಡಿಐ ಆಯ್ಕೆ ಇದೆಯೇ, ಮಕ್ಕಳ ಹಾಲುಹಲ್ಲಿಗೆ 51ರಿಂದ 85ರವರೆಗಿನ ಚಾರ್ಟ್ ಇದೆಯೇ, ಹಾಲುಹಲ್ಲೂ ಶಾಶ್ವತ ಹಲ್ಲೂ ಒಟ್ಟಿಗೆ ಇರುವ ಹತ್ತು ವರ್ಷದ ಮಗುವಿಗೆ ಚಾರ್ಟ್ ಹೇಗೆ ಕಾಣುತ್ತದೆ ಎಂದು ನೋಡಿ.

ಹೆಸರು ಹುಡುಕುವುದು. ಒಂದೇ ಊರಿನಲ್ಲಿ ಎಷ್ಟೋ ಮಂಜುನಾಥ ಇರುತ್ತಾರೆ. ಒಬ್ಬರು ಇನಿಷಿಯಲ್ ಮುಂದೆ ಬರೆಸುತ್ತಾರೆ, ಅವರೇ ಮುಂದಿನ ಸಲ ಹಿಂದೆ ಬರೆಸುತ್ತಾರೆ. ಇಡೀ ಮನೆಗೆ ಒಂದೇ ಫೋನ್ ನಂಬರ್ ಇರುತ್ತದೆ. ಆದ್ದರಿಂದ ಫೋನ್ ನಂಬರನ್ನೇ ಪೇಷೆಂಟ್ ಗುರುತಾಗಿ ಬಳಸುವ ಸಾಫ್ಟ್‌ವೇರ್ ಬೇಡ. ಪ್ರತಿಯೊಬ್ಬರಿಗೂ ಬೇರೆ ನಂಬರ್ ಕೊಡುವಂಥದ್ದು ಬೇಕು. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಯ ಆಭಾ ಸಂಖ್ಯೆಯನ್ನು ಸೇರಿಸುವ ಜಾಗ ಇದ್ದರೆ ಇನ್ನೂ ಒಳ್ಳೆಯದು, ಆದರೆ ಆಭಾ ಇಲ್ಲದವರನ್ನೂ ಸಲೀಸಾಗಿ ನೋಂದಾಯಿಸುವಂತಿರಬೇಕು.

ಕನ್ನಡ. ಹಲ್ಲು ಕಿತ್ತ ಮೇಲೆ ಏನು ಮಾಡಬೇಕು, ಏನು ಮಾಡಬಾರದು ಎಂಬ ಸೂಚನೆಯನ್ನು ಪೇಷೆಂಟ್‌ಗೆ ಇಂಗ್ಲಿಷಿನಲ್ಲಿ ಕೊಟ್ಟರೆ ಅದು ಬಿಲ್ಲಿನ ಜೊತೆ ಜೇಬಿಗೆ ಹೋಗುತ್ತದೆ, ಅಷ್ಟೆ. ಒಪ್ಪಿಗೆ ಪತ್ರದ ಮಾತು ಇನ್ನೂ ದೊಡ್ಡದು: ಓದಲು ಬಾರದ ಭಾಷೆಯ ಹಾಳೆಗೆ ಹಾಕಿದ ಸಹಿ ಒಪ್ಪಿಗೆಯೇ ಅಲ್ಲ. ಸಾಫ್ಟ್‌ವೇರ್ ಯೂನಿಕೋಡ್ ಕನ್ನಡವನ್ನು ತೋರಿಸಿದರೆ ಸಾಲದು, ಪಿಡಿಎಫ್‌ನಲ್ಲೂ ಪ್ರಿಂಟ್‌ನಲ್ಲೂ ಸರಿಯಾಗಿ ಬರಬೇಕು. ಪರದೆಯ ಮೇಲೆ ಚೆನ್ನಾಗಿದ್ದು ಪಿಡಿಎಫ್‌ನಲ್ಲಿ ಒತ್ತಕ್ಷರ ಚೆದುರುವುದು ಬಹಳ ಕಡೆ ಇದೆ. ಡೆಮೊದಲ್ಲೇ "ಲಕ್ಷ್ಮೀ", "ಕೃಷ್ಣಮೂರ್ತಿ", "ಶಸ್ತ್ರಚಿಕಿತ್ಸೆ" ಎಂದು ಟೈಪ್ ಮಾಡಿ ಪ್ರಿಂಟ್ ತೆಗೆಸಿ. ಯೂನಿಕೋಡ್ ಅಲ್ಲದ "ನುಡಿ" ತಂತ್ರಾಂಶದ ಹಳೆಯ ಅಕ್ಷರದಲ್ಲಿ ಮಾಡಿಟ್ಟ ಪತ್ರಗಳಿದ್ದರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ.

ಕಂತು. ಕ್ಲಿಪ್ ಚಿಕಿತ್ಸೆ ಒಂದೂವರೆ, ಎರಡು ವರ್ಷ ನಡೆಯುತ್ತದೆ. ತಿಂಗಳು ತಿಂಗಳು ಕಟ್ಟಿದ್ದು, ಬಾಕಿ ಇರುವುದು, ಮಧ್ಯೆ ಯೋಜನೆ ಬದಲಾದರೆ ಲೆಕ್ಕ ಬದಲಾಗುವುದು, ಇವನ್ನೆಲ್ಲ ಮಾಡಿ ತೋರಿಸಲು ಹೇಳಿ. ಎಲ್ಲವನ್ನೂ ಒಂದೇ ದಿನದ ಬಿಲ್ ಎಂದು ನೋಡುವ ಸಾಫ್ಟ್‌ವೇರ್ ಹಲ್ಲಿನ ಕ್ಲಿನಿಕ್‌ಗೆ ಆಗುವುದಿಲ್ಲ.

ನೆನಪಿಸುವ ಸಂದೇಶ. ಕಂಪ್ಯೂಟರ್‌ನಿಂದ ಎಸ್ಸೆಮ್ಮೆಸ್ ಕಳಿಸಬೇಕಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಕಳಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊಬೈಲ್ ಕಂಪನಿಗಳು ನಡೆಸುವ ಡಿಎಲ್‌ಟಿ ಎಂಬ ನೋಂದಣಿ ತಾಣದಲ್ಲಿ ನೋಂದಾಯಿಸಬೇಕು. ಅದನ್ನು ಯಾರು ಮಾಡಿಸಿಕೊಡುತ್ತಾರೆ ಎಂದು ಕೇಳಿ. ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್‌ಗೆ 70 ಅಕ್ಷರಸ್ಥಾನ ಮಾತ್ರ, ಇಂಗ್ಲಿಷಿಗೆ 160. ಒತ್ತು, ಗುಣಿತದ ಚಿಹ್ನೆಗಳೂ ಆ ಲೆಕ್ಕಕ್ಕೆ ಸೇರುತ್ತವೆ. ಉದ್ದವಾದರೆ ಎರಡು ಮೂರು ಸಂದೇಶದ ದುಡ್ಡು ಬೀಳುತ್ತದೆ, ಆದ್ದರಿಂದ ಚಿಕ್ಕದಾಗಿ ಬರೆಯಿರಿ.

ಕೊನೆಯದು, ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡದು: ಬಿಟ್ಟುಹೋಗುವ ದಾರಿ. "ನಾಳೆ ನಿಮ್ಮನ್ನು ಬಿಟ್ಟರೆ ನನ್ನ ಪೇಷೆಂಟ್‌ಗಳ ಎಲ್ಲ ಮಾಹಿತಿ ಯಾವ ರೂಪದಲ್ಲಿ ಕೊಡುತ್ತೀರಿ?" ಎಂದು ನೇರವಾಗಿ ಕೇಳಿ. ಬರಿ ಹೆಸರು, ಫೋನ್ ನಂಬರಿನ ಪಟ್ಟಿ ಕೊಟ್ಟರೆ ಉಪಯೋಗವಿಲ್ಲ. ಚಿಕಿತ್ಸೆಯ ವಿವರ, ಬಾಕಿ, ಚಿತ್ರಗಳು, ಒಪ್ಪಿಗೆ ಪತ್ರಗಳು ಎಲ್ಲ ಬರಬೇಕು. ಎಕ್ಸೆಲ್‌ನಲ್ಲಿ ತೆರೆಯುವ ಕಡತವಾಗಿ ಮತ್ತು ಮಾಮೂಲಿ ಚಿತ್ರಗಳಾಗಿ ಬರಬೇಕು. ಉತ್ತರವನ್ನು ಬರಹದಲ್ಲಿ ಪಡೆಯಿರಿ. ಉಚಿತ ಪ್ರಯೋಗದ ಅವಧಿಯಲ್ಲೇ ಒಮ್ಮೆ ಹೊರತೆಗೆದು ನೋಡಿ. ತಡವರಿಸಿದರೆ ಬೇರೆ ಕಂಪನಿ ನೋಡಿ, ಎಷ್ಟೇ ಅಗ್ಗವಾಗಿದ್ದರೂ.

ಕಳ್ಳ ಪ್ರತಿಯ ಸಾಫ್ಟ್‌ವೇರ್ ಹಾಕಿಕೊಡುತ್ತೇವೆ ಎನ್ನುವವರು ಈಗಲೂ ಇದ್ದಾರೆ. ಅಂಥ ಪ್ರತಿಗಳ ಜೊತೆಗೇ ವೈರಸ್‌ಗಳು ಒಳಬರುತ್ತವೆ. ಬೇಡ.

6. ಕಂಪ್ಯೂಟರ್, ಇಂಟರ್ನೆಟ್

ಇಷ್ಟೆಲ್ಲ ಆದ ಮೇಲೆ ಕಂಪ್ಯೂಟರ್ ಆರಿಸುವುದು ಸುಲಭ. ಸೆನ್ಸರ್ ಕಂಪನಿ ಮತ್ತು ಸಾಫ್ಟ್‌ವೇರ್ ಕಂಪನಿ ಹೇಳುವ ಕನಿಷ್ಠ ಅಗತ್ಯಗಳಲ್ಲಿ ಯಾವುದು ಹೆಚ್ಚೋ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ಕೊಳ್ಳಿ. 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ವಿಂಡೋಸ್ 11 ಪ್ರೊ ಇರಲಿ. ಪ್ರೊ ಏಕೆಂದರೆ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಅದರಲ್ಲಿ ಪೂರ್ತಿಯಾಗಿ ಸಿಗುತ್ತದೆ. ಕಂಪ್ಯೂಟರ್ ಕಳುವಾದರೂ ಮಾಹಿತಿ ಕಳುವಾಗದು. ಬಿಟ್‌ಲಾಕರ್‌ನ ರಿಕವರಿ ಕೀಯನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಮನೆಯಲ್ಲಿ ಇಡಿ. ಎಕ್ಸ್‌ರೇ ನೋಡುವ ಮಾನಿಟರ್ ಐಪಿಎಸ್ (ಯಾವ ಕೋನದಿಂದ ನೋಡಿದರೂ ಚಿತ್ರ ಮಂಕಾಗದ ಪರದೆ) ಆಗಿರಲಿ. ಚೇರ್‌ನ ಲೈಟ್ ಮತ್ತು ಕಿಟಕಿಯ ಬೆಳಕು ಅದರ ಮೇಲೆ ನೇರವಾಗಿ ಬೀಳದಂತೆ ಕೂರಿಸಿ. ಚೇರ್ ಪಕ್ಕದ ಕೀಬೋರ್ಡ್, ಮೌಸ್ ಒರೆಸಲು ಬರುವಂಥವಾಗಿರಲಿ, ಪ್ರತಿ ಪೇಷೆಂಟ್ ಆದ ಮೇಲೆ ಅವನ್ನೂ ಒರೆಸುವ ಪಟ್ಟಿಗೆ ಸೇರಿಸಿ.

ಇಂಟರ್ನೆಟ್‌ನಲ್ಲಿ ಎಲ್ಲರೂ ನೋಡುವುದು ಡೌನ್‌ಲೋಡ್ ವೇಗ. ನಿಮಗೆ ಬೇಕಾದದ್ದು ಅಪ್‌ಲೋಡ್. 200 ಎಂಬಿಯ ಸಿಬಿಸಿಟಿ ಕಳಿಸಲು 10 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ಮೂರು ನಿಮಿಷ ಸಾಕು, 2 ಎಂಬಿಪಿಎಸ್ ಇದ್ದರೆ ಕಾಲು ಗಂಟೆಯ ಹತ್ತಿರ ಹೋಗುತ್ತದೆ. ಫೈಬರ್ ಜೊತೆಗೆ ಬೇರೆ ಕಂಪನಿಯ ಸಿಮ್ ಹಾಕಿದ ಒಂದು ಡಾಂಗಲ್ (ಸಿಮ್‌ನಿಂದ ಇಂಟರ್ನೆಟ್ ಕೊಡುವ ಪುಟ್ಟ ಸಾಧನ) ಇಟ್ಟುಕೊಳ್ಳಿ. ಕಾಯುವ ಪೇಷೆಂಟ್‌ಗಳಿಗೆ ವೈಫೈ ಕೊಡುವುದಾದರೆ ರೌಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿ ಕೊಡಿ. ಕ್ಲಿನಿಕ್‌ನ ಪಾಸ್‌ವರ್ಡ್ ಹೊರಗಿನವರಿಗೆ ಬೇಡ.

ಲೆಕ್ಕ ಹಾಕುವಾಗ ಒಂದು ವಿಷಯ. ವೈದ್ಯಕೀಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಹಾಗಾಗಿ ನೀವು ಕೊಳ್ಳುವ ಕಂಪ್ಯೂಟರ್, ಸಾಫ್ಟ್‌ವೇರ್ ಮೇಲೆ ಕಟ್ಟುವ ಜಿಎಸ್‌ಟಿ ಸಾಮಾನ್ಯವಾಗಿ ವಾಪಸ್ ಸಿಗುವುದಿಲ್ಲ. ಕೊಟೇಶನ್‌ನಲ್ಲಿ ತೆರಿಗೆ ಸೇರಿಸಿದ ಮೊತ್ತವನ್ನೇ ನಿಜವಾದ ಬೆಲೆ ಎಂದುಕೊಳ್ಳಿ. ಬರೀ ಅಂದಕ್ಕಾಗಿ ಮಾಡುವ ಚಿಕಿತ್ಸೆಗಳ ತೆರಿಗೆ ಬೇರೆ, ಅದನ್ನು ನಿಮ್ಮ ಆಡಿಟರ್ ಹತ್ತಿರ ಮಾತಾಡಿ.

7. ಬ್ಯಾಕಪ್

2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ದಾಳಿಯಾಗಿ ದಿನಗಟ್ಟಲೆ ಕಾಗದ, ಪೆನ್ನಿನಲ್ಲಿ ಕೆಲಸ ನಡೆಸಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆಗೆ ಆಗಿದ್ದು ಸಣ್ಣ ಕ್ಲಿನಿಕ್‌ಗೆ ಆಗುವುದಿಲ್ಲ ಎಂದುಕೊಳ್ಳಬೇಡಿ. ರ‍್ಯಾನ್ಸಮ್‌ವೇರ್ ಎಂಬ ಕಳ್ಳ ತಂತ್ರಾಂಶ ನಿಮ್ಮ ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತದೆ. ಅದು ಊರು, ಗಾತ್ರ ನೋಡಿ ಬರುವುದಿಲ್ಲ.

3-2-1 ಎಂಬ ಸರಳ ನಿಯಮ ಇದೆ. ಮಾಹಿತಿಯ 3 ಪ್ರತಿ, 2 ಬೇರೆ ಬೇರೆ ಬಗೆಯ ಜಾಗದಲ್ಲಿ, ಅದರಲ್ಲಿ 1 ಕ್ಲಿನಿಕ್‌ನಿಂದ ಹೊರಗೆ. ಕಂಪ್ಯೂಟರ್‌ನಲ್ಲಿ ಇರುವುದು ಒಂದು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಇನ್ನೊಂದು, ಕ್ಲೌಡ್‌ನಲ್ಲಿ ಮೂರನೆಯದು. ಹೊರಗಿನ ಡಿಸ್ಕನ್ನು ಯಾವಾಗಲೂ ಸಿಕ್ಕಿಸಿಯೇ ಇಡುವವರು ಜಾಸ್ತಿ. ಹಾಗೆ ಇಟ್ಟರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ಎರಡು ಡಿಸ್ಕ್ ಇಟ್ಟುಕೊಂಡು ಸಂಜೆ ಬ್ಯಾಕಪ್ ಆದ ಮೇಲೆ ಕಿತ್ತು, ಒಂದನ್ನು ಮನೆಗೆ ಒಯ್ಯಿರಿ. ಅವಕ್ಕೂ ಪಾಸ್‌ವರ್ಡ್ ಬೀಗ ಇರಲಿ.

ಎಷ್ಟು ಜಾಗ ಬೇಕು? ದಿನಕ್ಕೆ 15 ಆರ್‌ವಿಜಿ, ಒಂದೊಂದು 2 ಎಂಬಿ, ವರ್ಷಕ್ಕೆ 300 ದಿನ ಎಂದುಕೊಂಡರೆ 9 ಜಿಬಿ ಆಯಿತು. ಇಷ್ಟೇ ಆದರೆ 1 ಟಿಬಿ ಡಿಸ್ಕ್ ಎಷ್ಟೋ ವರ್ಷಕ್ಕೆ ಸಾಕು. ದಿನಕ್ಕೆ ಎರಡು ಸಿಬಿಸಿಟಿ ಸೇರಿಸಿ, ಒಂದು 200 ಎಂಬಿ ಎಂದರೂ ವರ್ಷಕ್ಕೆ 120 ಜಿಬಿ. ಲೆಕ್ಕವೇ ಬದಲಾಯಿತು. ನಿಮ್ಮ ಕ್ಲಿನಿಕ್‌ನ ಅಂಕಿ ಹಾಕಿ ನೋಡಿಕೊಳ್ಳಿ.

ತಪ್ಪದೆ ಮಾಡಬೇಕಾದ ಒಂದು ಕೆಲಸ ಇದೆ: ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಬ್ಬ ಪೇಷೆಂಟ್‌ನ ಪೂರ್ತಿ ದಾಖಲೆ ಮತ್ತು ಎಕ್ಸ್‌ರೇಯನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಬ್ಯಾಕಪ್ ಆಗುತ್ತಿದೆ ಎಂದು ಹಸಿರು ಗುರುತು ತೋರಿಸುತ್ತಾ ಒಳಗೆ ಖಾಲಿ ಕಡತ ಇರುವುದು ಉಂಟು. ತೆರೆದು ನೋಡದ ಬ್ಯಾಕಪ್ಪನ್ನು ನಂಬಬೇಡಿ.

8. ಪೇಷೆಂಟ್‌ನ ಗುಟ್ಟು

ದಂತವೈದ್ಯರ ನೀತಿಸಂಹಿತೆಯ 2014ರ ನಿಯಮಗಳ ಪ್ರಕಾರ ದಾಖಲೆಗಳನ್ನು ಚಿಕಿತ್ಸೆ ಶುರುವಾದ ದಿನದಿಂದ ಕನಿಷ್ಠ 3 ವರ್ಷ ಇಡಬೇಕು, ಪೇಷೆಂಟ್ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಇಂಪ್ಲಾಂಟ್, ಕ್ಲಿಪ್‌ನಂಥ ಚಿಕಿತ್ಸೆಗಳ ದಾಖಲೆ ಅದಕ್ಕಿಂತ ಬಹಳ ಹೆಚ್ಚು ಕಾಲ ಇಡುವುದು ಒಳ್ಳೆಯದು. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಮಾಹಿತಿ ಕಾಪಾಡಲು ತಕ್ಕ ಕ್ರಮ ಕೈಗೊಳ್ಳದಿದ್ದರೆ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ಕಾನೂನಿನ ಭಯ ಒಂದು ಕಡೆ ಇರಲಿ, ಎಚ್‌ಐವಿ, ಹೆಪಟೈಟಿಸ್, ಗರ್ಭಿಣಿಯೋ ಅಲ್ಲವೋ ಎಂಬ ವಿವರಗಳು ನಿಮ್ಮ ಕೇಸ್ ಶೀಟ್‌ನಲ್ಲಿ ಇರುತ್ತವೆ. ಸಣ್ಣ ಊರಿನಲ್ಲಿ ಅಂಥ ಒಂದು ಸಾಲು ಹೊರಬಿದ್ದರೆ ಒಬ್ಬರ ಬದುಕೇ ಅಲ್ಲಾಡುತ್ತದೆ.

ಮಾಡಬೇಕಾದದ್ದು ಕಷ್ಟವಲ್ಲ. ಪ್ರತಿಯೊಬ್ಬರಿಗೂ ಅವರದ್ದೇ ಲಾಗಿನ್ ಕೊಡಿ. ಎಲ್ಲರೂ ಡಾಕ್ಟರ್ ಹೆಸರಿನಲ್ಲೇ ಒಳಹೋದರೆ ಯಾರು ಏನು ಬದಲಾಯಿಸಿದರು ಎಂದು ಎಂದೂ ತಿಳಿಯದು. ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ಮುಚ್ಚಿ. ರಿಸೆಪ್ಷನ್ ಪರದೆ ಕಾಯುವವರ ಕಡೆಗೆ ತಿರುಗಿರಬಾರದು. ಸಿಸಿಟಿವಿ ರಿಸೆಪ್ಷನ್‌ನಲ್ಲಿ ಸಾಕು, ಚಿಕಿತ್ಸೆ ನಡೆಯುವ ಕೋಣೆಯಲ್ಲಿ ಬೇಡ.

ಫೋನ್ ಬಗ್ಗೆ ಬಿಗಿಯಾಗಿರಿ. ಬಾಯಿಯ ಫೋಟೋ, ಎಕ್ಸ್‌ರೇ ಫೋಟೋಗಳನ್ನು ಸಿಬ್ಬಂದಿ ಸ್ವಂತ ಫೋನ್‌ನಲ್ಲಿ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುವುದು ಎಲ್ಲೆಡೆ ನಡೆಯುತ್ತಿದೆ. ಆ ಚಿತ್ರ ಅವರ ಗ್ಯಾಲರಿಗೆ, ಅಲ್ಲಿಂದ ಅವರ ಮನೆಯವರೆಲ್ಲ ನೋಡುವ ಕ್ಲೌಡ್‌ಗೆ ತಾನಾಗಿ ಹೋಗುತ್ತದೆ. ಮೇಲಾಗಿ ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ, ಬೇರಿನ ತುದಿಯ ಸಣ್ಣ ನೆರಳು ಕಾಣದೆ ಹೋಗಬಹುದು. ಕ್ಲಿನಿಕ್‌ಗೆಂದೇ ಒಂದು ಫೋನ್, ಒಂದು ಸಿಮ್ ಇಡಿ. ಕನ್ಸಲ್ಟೆಂಟ್‌ಗೆ ಎಕ್ಸ್‌ರೇ ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಹೆಸರಿನ ಬದಲು ಪೇಷೆಂಟ್ ನಂಬರ್ ಹಾಕಿ.

9. ಬೀಗದ ಕೈಗಳು ನಿಮ್ಮ ಹತ್ತಿರವೇ ಇರಲಿ

ವೆಬ್‌ಸೈಟ್‌ನ ಡೊಮೇನ್ ಹೆಸರು, ಗೂಗಲ್ ಮ್ಯಾಪ್‌ನಲ್ಲಿ ಕ್ಲಿನಿಕ್ ತೋರಿಸುವ ಖಾತೆ, ವಾಟ್ಸಾಪ್ ಬಿಸಿನೆಸ್ ನಂಬರ್, ಸಾಫ್ಟ್‌ವೇರ್‌ನ ಮುಖ್ಯ ಲಾಗಿನ್, ರೌಟರ್‌ನ ಪಾಸ್‌ವರ್ಡ್. ಇವೆಲ್ಲ ಮಾಡಿಕೊಟ್ಟವರ ಹೆಸರಿನಲ್ಲಿ ಉಳಿದುಬಿಡುತ್ತವೆ. ಅವರು ಊರು ಬಿಟ್ಟರೆ, ಫೋನ್ ಎತ್ತದಿದ್ದರೆ ನಿಮ್ಮ ಕ್ಲಿನಿಕ್‌ನ ಹೆಸರು ನಿಮ್ಮ ಕೈಯಲ್ಲಿ ಇಲ್ಲ. ಕ್ಲಿನಿಕ್‌ಗೆಂದು ಒಂದು ಇಮೇಲ್ ಮಾಡಿ, ಅದಕ್ಕೆ ನಿಮ್ಮದೇ ಫೋನ್ ನಂಬರ್ ಜೋಡಿಸಿ, ಎಲ್ಲವನ್ನೂ ಅದರಲ್ಲೇ ತೆರೆಯಿಸಿ. ಪಾಸ್‌ವರ್ಡ್‌ಗಳ ಒಂದು ಪ್ರತಿ ಮನೆಯವರಲ್ಲಿ ಒಬ್ಬರಿಗೆ ಗೊತ್ತಿರುವ ಕಡೆ ಇರಲಿ.

10. ಬಾಗಿಲು ತೆರೆಯುವ ಮೊದಲು, ತೆರೆದ ಮೇಲೆ

ಉದ್ಘಾಟನೆಗೆ ಒಂದು ವಾರ ಮೊದಲು ಎಲ್ಲ ಕೂಡಿಸಿ ಮುಗಿದಿರಬೇಕು. ಆ ವಾರ ಸಿಬ್ಬಂದಿಯನ್ನೇ ಪೇಷೆಂಟ್ ಮಾಡಿ ಚೇರ್ ಮೇಲೆ ಕೂರಿಸಿ. ನೋಂದಣಿಯಿಂದ ಬಿಲ್ಲಿನವರೆಗೆ ನಡೆಸಿ ನೋಡಿ. ಎಕ್ಸ್‌ರೇ ಹಾಯಿಸದೆ, ಸೆನ್ಸರ್ ಸಾಫ್ಟ್‌ವೇರ್ ತೆರೆದು ಹೆಸರು ಸರಿಯಾಗಿ ಬರುತ್ತದೆಯೇ ಎಂದಷ್ಟೇ ನೋಡಿ. ಸುಮ್ನೆ ಪರೀಕ್ಷೆಗೆಂದು ಯಾರ ಮೇಲೂ ವಿಕಿರಣ ಬಿಡಬೇಡಿ. ನಡುವೆ ಮೇನ್ ಸ್ವಿಚ್ ಆರಿಸಿ ಏನೇನು ನಿಲ್ಲುತ್ತದೆ ನೋಡಿ. ಇಂಟರ್ನೆಟ್ ಕೇಬಲ್ ಕಿತ್ತು, ಡಾಂಗಲ್‌ಗೆ ಬದಲಾಯಿಸಲು ರಿಸೆಪ್ಷನಿಸ್ಟ್‌ಗೆ ಬರುತ್ತದೆಯೇ ನೋಡಿ.

ಈಗಾಗಲೇ ನಡೆಯುತ್ತಿರುವ ಕ್ಲಿನಿಕ್ ಆದರೆ, ಹಳೆಯ ಪುಸ್ತಕಗಳನ್ನೆಲ್ಲ ಒಮ್ಮೆಗೇ ಕಂಪ್ಯೂಟರ್‌ಗೆ ಏರಿಸಲು ಹೋಗಬೇಡಿ. ಚಿಕಿತ್ಸೆ ನಡೆಯುತ್ತಿರುವವರು, ಬಾಕಿ ಇರುವವರು, ಕ್ಲಿಪ್ ಹಾಕಿಸಿಕೊಂಡವರು, ಇವರನ್ನು ಮೊದಲು ಏರಿಸಿ. ಉಳಿದವರು ಮತ್ತೆ ಬಂದಾಗ ಅವರ ಹಳೆಯ ಕಾರ್ಡನ್ನು ಸ್ಕ್ಯಾನ್ ಮಾಡಿ ಸೇರಿಸಿ. ಮೊದಲ ತಿಂಗಳು ಅಪಾಯಿಂಟ್‌ಮೆಂಟ್ ಪುಸ್ತಕವೂ ಜೊತೆಯಲ್ಲಿ ನಡೆಯಲಿ. ಆಮೇಲೆ ಒಂದು ದಿನ ಗೊತ್ತುಮಾಡಿ ಪುಸ್ತಕ ನಿಲ್ಲಿಸಿ. ಎರಡೂ ಕಡೆ ಬರೆಯುತ್ತಾ ಹೋದರೆ ಯಾವುದು ನಿಜ ಎಂದು ಯಾರಿಗೂ ಗೊತ್ತಾಗದ ಸ್ಥಿತಿ ಬರುತ್ತದೆ.

ರಿಸೆಪ್ಷನ್ ಟೇಬಲ್ ಒಳಗೆ ಒಂದು ಹಾಳೆ ಅಂಟಿಸಿ. ಇಂಟರ್ನೆಟ್ ಹೋದರೆ ಯಾರಿಗೆ ಫೋನ್, ಸೆನ್ಸರ್ ಸಿಗದಿದ್ದರೆ ಯಾರಿಗೆ, ಸಾಫ್ಟ್‌ವೇರ್ ತೆರೆಯದಿದ್ದರೆ ಯಾರಿಗೆ, ಪ್ರತಿಯೊಂದಕ್ಕೂ ಗ್ರಾಹಕ ಸಂಖ್ಯೆ ಏನು. ಪರದೆಯ ಮೇಲೆ ದುಡ್ಡು ಕೇಳುವ ಸಂದೇಶ ಬಂದರೆ ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆರಿಸಿ, ಆಮೇಲೆ ಡಾಕ್ಟರ್‌ಗೆ ಹೇಳಬೇಕು ಎಂದು ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆಯಿರಿ. ಹಾಳೆಯ ಕೆಳಗೆ ನಾಲ್ಕು ದಿನಾಂಕ ಇರಲಿ: ಸಾಫ್ಟ್‌ವೇರ್ ನವೀಕರಣ, ಡೊಮೇನ್ ನವೀಕರಣ, ಯುಪಿಎಸ್ ಬ್ಯಾಟರಿ ಬದಲಾಯಿಸಿದ್ದು, ಮುಂದಿನ ಬ್ಯಾಕಪ್ ಪರೀಕ್ಷೆ.